ಮುಳ್ಳು ಚುಚ್ಚಿದ ಸುದ್ದಿ

ಆನ್‌ಕಾಲ್ ಮಾಡಿದವರಿಗೆ ಗೊತ್ತಿರುತ್ತೆ, ಅಲರ್ಟುಗಳಲ್ಲಿ ಎರಡು ನಮೂನಿ. ಒಂದು, ಕಳ್ಳನ ಫೋಟೋ ಹಿಡಿದು ಬಾಗಿಲಲ್ಲಿ ಕೂತ ಕಾವಲುಗಾರನಂಥದ್ದು: ಇಂಥ ರಿಕ್ವೆಸ್ಟ್ ಬಂದರೆ ಕೂಗು. ಇನ್ನೊಂದಕ್ಕೆ ಕಳ್ಳನ ಮುಖವೇ ಬೇಕಿಲ್ಲ. ಡಿಸ್ಕ್ ತುಂಬಿತು, ಸರ್ವರ್ ಸತ್ತಿತು, ಯಾರು ಮಾಡಿದರು ಅಂತ ಆಮೇಲೆ ನೋಡೋಣ, ಮೊದಲು ಎಬ್ಬಿಸು. ಎರಡೂ ಇದ್ದರೂ ಸಾಲದು, ಆ ಕೂಗು ಮಲಗಿದವನ ಫೋನ್ ತನಕ ಮುಟ್ಟಬೇಕು. ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡಿಕೊಂಡಿದ್ದೇನೆ. ಮನುಷ್ಯನ ಮೈಯಲ್ಲೂ ಇದೇ ಏರ್ಪಾಡು ಇದೆ ಅಂತ ಓದಿ ತಿಳಿದುಕೊಂಡದ್ದು ಮಾತ್ರ ನಮ್ಮಪ್ಪನ ಕಾಲಿನ ದೆಸೆಯಿಂದ.

ನಮ್ಮೂರು ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿ. ಎರೆ ಭೂಮಿ. ಮಳೆ ಬಿದ್ದ ಎರೆಹೊಲದಲ್ಲಿ ಚಪ್ಪಲಿ ಹಾಕಿ ಹತ್ತು ಹೆಜ್ಜೆ ನಡೆದು ನೋಡಿ, ಒಂದೊಂದು ಕಾಲಿಗೂ ಸೇರುಗಟ್ಟಲೆ ಮಣ್ಣು ಮೆತ್ತಿಕೊಂಡು ಆನೆಕಾಲಾಗುತ್ತೆ. ಹಾಗಾಗಿ ಚಪ್ಪಲಿ ಬದುವಿನ ಮೇಲೆ, ಕಾಲು ಹೊಲದಲ್ಲಿ. ಬದುವಿನಲ್ಲಿ ಜಾಲಿ ಗಿಡ ಇದ್ದೇ ಇರುತ್ತೆ, ಅದರ ಮುಳ್ಳು ಕಾಲಿಗೆ ಬಂದೇ ಬರುತ್ತೆ. ನಾವು ಚಿಕ್ಕವರಿದ್ದಾಗ ಪಿನ್ನು ಕಾಸಿ ಕೆದರಿ ತೆಗೆಯುತ್ತಿದ್ದರು. ಒಳಗೇ ಮುರಿದರೆ ಎಕ್ಕಿ ಹಾಲು ಬಿಡುತ್ತಿದ್ದರು. ಎರಡು ದಿನಕ್ಕೆ ಬಾವು ಬಂದು, ಕೀವಾಗಿ, ಮುಳ್ಳು ತಾನೇ ಮೇಲೆ ಬರುತ್ತೆ ಅಂತ ಲೆಕ್ಕ. (ಇಲಿಯ ಪಾದದಲ್ಲಿ ಬೇಕೆಂದೇ ಉರಿಯೂತ ಬರಿಸಿ ಔಷಧಿ ಪರೀಕ್ಷಿಸುವ ಪ್ರಯೋಗಗಳಲ್ಲಿ ಎಕ್ಕೆ ಜಾತಿಯ ಗಿಡದ ಹಾಲನ್ನು ಬಳಸುತ್ತಾರೆ ಅಂತ ಈಚೆಗೆ ಓದಿ ನಗು ಬಂತು. ನಮ್ಮ ಹಿರಿಯರು ಗಾಯಕ್ಕೆ ಔಷಧಿ ಹಾಕುತ್ತಿರಲಿಲ್ಲ, ಬಹುಶಃ ಗಂಟೆ ಹೊಡೆಯುತ್ತಿದ್ದರು. ನೀವು ಮಾತ್ರ ಹಾಕಿಕೊಳ್ಳಬೇಡಿ.)

ಹೋದ ವರ್ಷ ಹೆಸರು ಬಿತ್ತುವ ಹೊತ್ತಿಗೆ ಅವ್ವ ಫೋನ್ ಮಾಡಿದಳು. "ತಮ್ಮಾ, ನಿಮ್ಮಪ್ಪನ ಬಲಗಾಲು ಕೆಂಡ ಆಗೇತಿ. ರಾತ್ರಿ ಎಣ್ಣಿ ಹಚ್ಚೂ ಮುಂದ ಗೊತ್ತಾತು. ಕೇಳಿದ್ರ ಏನೂ ಆಗಿಲ್ಲ ಅಂತಾರ."

ಅಪ್ಪ ಫೋನ್ ಇಸಿದುಕೊಂಡ. "ಏ, ಏನಿಲ್ಲೋ. ನೋವಿಲ್ಲ ಏನಿಲ್ಲ. ನೋವಾಗಿದ್ರ ನಾ ಹೇಳ್ತಿದ್ದಿಲ್ಲನು?"

ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷ. ಅದೇ ರಾತ್ರಿ ಬಸ್ ಹತ್ತಿದೆ.

"ಕೆಂಡ ಆಗೇತಿ" ಅಂದಳಲ್ಲ ಅವ್ವ, ಆ ಕೆಂಡ ಹೊತ್ತಿಸಿದವರು ಯಾರು? ಮುಳ್ಳಲ್ಲ, ಮುಳ್ಳಿನ ಜೊತೆ ಒಳಗೆ ಹೋದ ಮಣ್ಣಿನ ಬ್ಯಾಕ್ಟೀರಿಯಾವೂ ಅಲ್ಲ. ಹೊತ್ತಿಸಿದ್ದು ಅಪ್ಪನ ಸ್ವಂತ ಮೈ. ಚರ್ಮದ ಕೆಳಗೆ ಮ್ಯಾಕ್ರೋಫೇಜ್, ಮಾಸ್ಟ್ ಕೋಶ ಅಂತ ಕಾವಲಿನ ಜೀವಕೋಶಗಳು ಸದಾ ಕೂತಿರುತ್ತವೆ. ಅವು ಎಚ್ಚೆತ್ತರೆ ಹಿಸ್ಟಮಿನ್ ಮತ್ತಿತರ ರಾಸಾಯನಿಕ ಬಿಡುತ್ತವೆ. ಸುತ್ತಲ ರಕ್ತನಾಳ ಹಿಗ್ಗುತ್ತೆ, ಜಾಗ ಕೆಂಪಾಗುತ್ತೆ, ಬಿಸಿಯಾಗುತ್ತೆ. ನಾಳದ ಗೋಡೆ ಸಡಿಲವಾಗಿ ನೀರು ಜಿನುಗಿ ಬಾವು ಬರುತ್ತೆ. ಆ ಸಂದಿಯಿಂದ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳು ನುಗ್ಗುತ್ತವೆ. ಸಿಕ್ಕಿದ ಬ್ಯಾಕ್ಟೀರಿಯಾ ನುಂಗಿ ತಾವೂ ಸಾಯುತ್ತವೆ. ಕೀವು ಅಂದರೆ ಬಹುಪಾಲು ಇವುಗಳ ಹೆಣವೇ.

ಇಂಥದ್ದನ್ನು ಕಣ್ಣಾರೆ ಕಂಡವನೊಬ್ಬನೂ ಮುಳ್ಳೇ ಚುಚ್ಚಿದ್ದ. 1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ಇಲ್ಯಾ ಮೆಚ್ನಿಕಾಫ್ ಅನ್ನೋ ರಷ್ಯಾದ ವಿಜ್ಞಾನಿ, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಯೊಳಗೆ ಗುಲಾಬಿ ಮುಳ್ಳು ಚುಚ್ಚಿ ಮಲಗಿದ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು. 1908ರಲ್ಲಿ ಅವನಿಗೆ ನೊಬೆಲ್ ಬಂತು. ಆದರೆ ಆ ಕೋಶಗಳಿಗೆ ಸುದ್ದಿ ಹೇಳಿದ್ದು ಯಾರು ಅನ್ನೋದಕ್ಕೆ ಉತ್ತರ ಸಿಗಲು ಮತ್ತೆ ನೂರು ವರ್ಷ ಬೇಕಾಯಿತು.

1989ರಲ್ಲಿ ಚಾರ್ಲ್ಸ್ ಜೇನ್ವೇ ಅನ್ನುವವರು ಒಂದು ಊಹೆ ಮುಂದಿಟ್ಟರು: ಹುಟ್ಟಿನಿಂದಲೇ ಬಂದ ಈ ಕಾವಲಿನ ಬಳಿ ಸೂಕ್ಷ್ಮಜೀವಿಗಳ ಸಾಮಾನ್ಯ ಗುರುತುಗಳ ಪಟ್ಟಿ ಇರಬೇಕು. ಪುರಾವೆ ಬಂದದ್ದು ನೊಣದಿಂದ. ಬಾಳೆಹಣ್ಣಿನ ಮೇಲೆ ಗುಂಯ್‌ಗುಡುವ ಸಣ್ಣ ಹಣ್ಣುನೊಣ ಇದೆಯಲ್ಲ, ಅದರಲ್ಲಿ ಟೋಲ್ ಅನ್ನೋ ಜೀನ್ ಕೆಟ್ಟರೆ ನೊಣ ಬೂಷ್ಟು ತಗುಲಿ ಸಾಯುತ್ತೆ ಅಂತ 1996ರಲ್ಲಿ ಜೂಲ್ಸ್ ಹಾಫ್‌ಮನ್ ತಂಡ ತೋರಿಸಿತು. 1998ರಲ್ಲಿ ಬ್ರೂಸ್ ಬ್ಯೂಟ್ಲರ್ ತಂಡ, ಇಲಿಯಲ್ಲಿ ಅದೇ ಥರದ ಇನ್ನೊಂದು ಪ್ರೋಟೀನು ಬ್ಯಾಕ್ಟೀರಿಯಾದ ಹೊರಕವಚದ ಎಲ್‌ಪಿಎಸ್ ಅನ್ನೋ ಕೊಬ್ಬಿನಂಥ ವಸ್ತುವನ್ನು ಪತ್ತೆ ಹಚ್ಚುತ್ತೆ ಅಂತ ಕಂಡುಕೊಂಡಿತು. ಇಬ್ಬರಿಗೂ 2011ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಮನುಷ್ಯನಲ್ಲಿ ಇಂಥ ಟೋಲ್ ಜಾತಿಯ ಪತ್ತೇದಾರರು ಹತ್ತು. ಒಬ್ಬ ಹೊರಕವಚ ನೋಡುತ್ತಾನೆ, ಒಬ್ಬ ಈಜುವ ಬಾಲ ನೋಡುತ್ತಾನೆ, ಕೆಲವರು ಜೀವಕೋಶದ ಒಳಗೇ ಕೂತು ವೈರಸ್ಸಿನ ಆರ್‌ಎನ್‌ಎ ಹುಡುಕುತ್ತಾರೆ. ನನಗೆ ಬಹಳ ಹಿಡಿಸಿದ್ದು ಪಟ್ಟಿಗೆ ಆರಿಸಿಕೊಂಡ ಗುರುತುಗಳು. ವೇಷ ಬದಲಿಸೋದು ಬ್ಯಾಕ್ಟೀರಿಯಾಕ್ಕೆ ಸುಲಭ. ಆದರೆ ಕವಚ, ಬಾಲ ಬದಲಿಸಹೋದರೆ ಅದರ ಬಾಳೇ ಕೆಡುತ್ತೆ. ಕಳ್ಳ ಅಂಗಿ ಬಿಚ್ಚಬಹುದು, ಎಲುಬು ಬಿಚ್ಚಿಟ್ಟು ಬರಲಾರ. ಹತ್ತೇ ರೂಲ್, ಕೋಟ್ಯಂತರ ವರ್ಷದಿಂದ ಪ್ರೊಡಕ್ಷನ್‌ನಲ್ಲಿ ಓಡ್ತಿದೆ.

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. ನಮ್ಮ ಕರುಳಿನ ತುಂಬ ಬ್ಯಾಕ್ಟೀರಿಯಾ ಇವೆ, ಅಲ್ಲಿ ಯಾಕೆ ಬೆಂಕಿ ಹೊತ್ತಿಕೊಳ್ಳಲ್ಲ? ಬಸುರಿಯ ಹೊಟ್ಟೆಯ ಕೂಸು ಅರ್ಧ ಪರಕೀಯ, ಅದನ್ನು ಯಾಕೆ ಬಿಟ್ಟಿದೆ? 1994ರಲ್ಲಿ ಪಾಲಿ ಮಾಟ್ಜಿಂಗರ್ ಈ ಪ್ರಶ್ನೆ ಎತ್ತಿದರು. (ಈಯಮ್ಮ ತನ್ನ ನಾಯಿಯ ಹೆಸರನ್ನು ಸಹಲೇಖಕಿ ಅಂತ ಹಾಕಿ ಪ್ರಬಂಧ ಪ್ರಕಟಿಸಿದವರು. ಗೌರವ ಹೆಚ್ಚಾಗಲಿಕ್ಕೆ ನನಗೆ ಅಷ್ಟೇ ಸಾಕು.) ಮೈ ನೋಡೋದು ಬಂದವನು ಹೊರಗಿನವನೋ ಅಂತಲ್ಲ, ಏನಾದರೂ ಒಡೆಯಿತಾ ಅಂತ ಅನ್ನೋದು ಅವರ ವಾದ. ಓಣಿಯಲ್ಲಿ ಅಪರಿಚಿತ ಬಂದರೆ ನಾಯಿ ಬೊಗಳುತ್ತೆ ಸರಿ, ಆದರೆ ಕೊಡ ಒಡೆದ ಸದ್ದಿಗೆ ಇಡೀ ಓಣಿಯೇ ಹೊರಗೆ ಬರುತ್ತೆ.

ಜೀವಕೋಶ ಒಡೆದಾಗ ಆಗೋದೂ ಅದೇ. ಒಳಗಿದ್ದ ಎಟಿಪಿ, ಡಿಎನ್‌ಎ, ಯೂರಿಕ್ ಆಮ್ಲ ಹೊರಗೆ ಚೆಲ್ಲುತ್ತವೆ. ಡಬ್ಬಿಯಲ್ಲಿದ್ದರೆ ಅಡುಗೆ ಎಣ್ಣೆ, ನೆಲದ ಮೇಲಿದ್ದರೆ ಡಬ್ಬಿ ಒಡೆದ ಸುದ್ದಿ. ಅದಕ್ಕೇ ಒಂದೂ ಬ್ಯಾಕ್ಟೀರಿಯಾ ಇಲ್ಲದೆ ಉಳುಕಿದ ಕಾಲೂ ಬಾಯುತ್ತೆ. ಗೌಟ್ ಬಂದವರ ಹೆಬ್ಬೆರಳು ಹೊತ್ತಿ ಉರಿಯೋದು ಸಂದಿನಲ್ಲಿ ಕಟ್ಟಿದ ಯೂರಿಕ್ ಆಮ್ಲದ ಹರಳಿಗೆ. ಅಲ್ಲಿ ಕಳ್ಳನೇ ಇಲ್ಲ. ಇನ್ನೂ ವಿಚಿತ್ರ ಅಂದರೆ ಮೈಟೊಕಾಂಡ್ರಿಯಾ. ನಮ್ಮ ಕೋಶಗಳಿಗೆ ಶಕ್ತಿ ಒದಗಿಸುವ ಇವು ಯಾವುದೋ ಕಾಲದಲ್ಲಿ ಬ್ಯಾಕ್ಟೀರಿಯಾಗಳೇ ಆಗಿದ್ದವು, ಒಳಗೆ ಸೇರಿ ಮನೆಯವರಾದವು. ಅಪಘಾತದಲ್ಲಿ ಮಾಂಸ ಜಜ್ಜಿದಾಗ ಇವು ರಕ್ತಕ್ಕೆ ಚೆಲ್ಲಿದರೆ ಕಾವಲಿಗೆ ಹಳೇ ಗುರುತೇ ಕಾಣುತ್ತೆ. ಸೋಂಕೇ ಇಲ್ಲದೆ ಸೋಂಕಿನಂಥ ಜ್ವರ, ಬಿಪಿ ಕುಸಿತ ಬರೋದಕ್ಕೆ ಇದೂ ಒಂದು ಕಾರಣ ಅಂತ 2010ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು.

ಅಪ್ಪನ ಕಾಲಿನಲ್ಲಿ ಎರಡೂ ಗಂಟೆ ಬಾರಿಸುತ್ತಿದ್ದವು. ಚರ್ಮ ಒಡೆದಿತ್ತು, ಕಳ್ಳರೂ ಒಳಗಿದ್ದರು. ಕೇಳಿಸಬೇಕಾದವನಿಗೆ ಮಾತ್ರ ಕೇಳಿಸಿರಲಿಲ್ಲ.

ಧಾರವಾಡದ ಡಾಕ್ಟರು ಮೊದಲು ಗಾಯ ನೋಡಲೇ ಇಲ್ಲ. ಮೀನಿನ ಗಾಳದ ದಾರದಂಥ ಒಂದು ನೈಲಾನ್ ಎಳೆ ತೆಗೆದರು. ಹತ್ತು ಗ್ರಾಂ ಭಾರ ಬಿದ್ದರೆ ಬಾಗುವ ಎಳೆ ಅದು. "ಕಣ್ಣ ಮುಚ್ಚರಿ ಯಜಮಾನ್ರ, ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ರಿ" ಅಂದರು. ಅಪ್ಪ ಕಣ್ಣು ಮುಚ್ಚಿದ. ಹೆಬ್ಬೆರಳಿನ ಬುಡಕ್ಕೆ ಒತ್ತಿದರು, ಎಳೆ ಬಾಗಿತು. ಅಂಗಾಲಿಗೆ ಒತ್ತಿದರು, ಬಾಗಿತು. ಕಿರುಬೆರಳಿನ ಹತ್ತಿರ ಒತ್ತಿದರು. ಅಪ್ಪ ಶಾಲೆಯ ಹುಡುಗನ ಹಾಗೆ ಬಿಗಿಯಾಗಿ ಕಣ್ಣು ಮುಚ್ಚಿಕೊಂಡೇ ಇದ್ದ. ಸ್ವಲ್ಪ ಹೊತ್ತಿಗೆ, "ಸುರು ಮಾಡ್ರಿ ಸಾಹೇಬ್ರ" ಅಂದ.

ನನಗೆ ಕಿಟಕಿ ಕಡೆ ಮುಖ ತಿರುಗಿಸಬೇಕಾಯಿತು.

ಸಕ್ಕರೆ ಹೆಚ್ಚಾಗಿಯೇ ಉಳಿದರೆ ವರ್ಷಾನುಗಟ್ಟಲೆಯಲ್ಲಿ ಪಾದದ ನರ ಸಾಯುತ್ತೆ. ಕೆಂಪು, ಬಿಸಿ, ಬಾವು ಬರುತ್ತವೆ, ನೋವು ಮಾತ್ರ ಬರಲ್ಲ. ಸಕ್ಕರೆಯಿಂದ ನ್ಯೂಟ್ರೋಫಿಲ್‌ಗಳೂ ಮಂದವಾಗುತ್ತವೆ, ರಕ್ತನಾಳವೂ ಕಿರಿದಾಗಿದ್ದರೆ ಕುಮಕು ತಡವಾಗುತ್ತೆ. ಮುಳ್ಳಿನ ಮೊನೆ ಅಪ್ಪನ ಕಿರುಬೆರಳಿನ ಬುಡದಲ್ಲೇ ಮುರಿದು ಕೂತಿತ್ತು. ಸೋಂಕು ಎಲುಬಿಗೆ ಇಳಿದಿತ್ತು. ಬೆರಳು ಉಳಿಯಲಿಲ್ಲ, ಪಾದ ಉಳಿಯಿತು. ಅವ್ವ ಎಣ್ಣೆ ಹಚ್ಚದೇ ಹೋಗಿದ್ದರೆ ಪಾದವೂ ಕಷ್ಟವಿತ್ತು ಅಂತ ಡಾಕ್ಟರು ಅವಳನ್ನು ಕರೆದು ಹೇಳಿದರು. ಅವ್ವ ಸೆರಗು ಸರಿ ಮಾಡಿಕೊಂಡು, "ನಮಗೇನ್ ಗೊತ್ತಾಗ್ತೇತಿರಿ, ಬಿಸಿ ಹತ್ತು ಅಷ್ಟ" ಅಂದಳು.

ಅವ್ವ ಮಾಡಿದ್ದಕ್ಕೆ ಅಳತೆಯೂ ಇದೆ. ಎರಡು ಪಾದಗಳ ಒಂದೇ ಜಾಗದ ಶಾಖದಲ್ಲಿ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಫರಕು ಕಂಡರೆ ಎಚ್ಚರಿಕೆ ಅಂತ ಸಕ್ಕರೆ ಕಾಯಿಲೆಯವರ ಪಾದ ನೋಡುವ ಡಾಕ್ಟರುಗಳು ಲೆಕ್ಕ ಇಟ್ಟಿದ್ದಾರೆ. ನಿಮ್ಮ ಮನೆಯಲ್ಲೂ ಹಳೇ ಸಕ್ಕರೆ ಕಾಯಿಲೆಯವರಿದ್ದರೆ "ನೋವಿದೆಯಾ" ಅಂತ ಫೋನಿನಲ್ಲಿ ಕೇಳಿ ಸುಮ್ಮನಾಗಬೇಡಿ. ಪಾದ ಮುಟ್ಟಿ ನೋಡಲು ಹೇಳಿ, ಎರಡೂ ಪಾದ.

ಕೊರೋನಾ ಕಾಲದಲ್ಲಿ ಕೊಂಡಿದ್ದ, ಹಣೆಗೆ ಹಿಡಿಯುವ ಥರ್ಮಾಮೀಟರನ್ನೇ ಊರಲ್ಲಿ ಬಿಟ್ಟುಬಂದೆ. ಅವ್ವ ಮೊದಲು ಮುಂಗೈ ಹಿಂಬದಿಯಿಂದ ಎರಡೂ ಪಾದ ಮುಟ್ಟಿ ನೋಡುತ್ತಾಳೆ, ಆಮೇಲೆ ಮಷೀನು. ಇವೆರಡಕ್ಕೆ ತಾಳೆ ಬೀಳದಿದ್ದರೆ ಮಷೀನಿನ ಸೆಲ್ ಬದಲಿಸುತ್ತಾಳೆ. ಅಪ್ಪ ಬೂಟು ಹಾಕಲು ಒಪ್ಪಿದ್ದಾನೆ, ನೆಲ ಒಣಗಿದ್ದಾಗ ಮಾತ್ರ. ಮಳೆ ಬಿದ್ದ ಮೇಲೆ ಬದುವಿನ ಮೇಲೆ ಇರುವುದು ಬೂಟೇ.