ಗಂಟಿನೊಳಗಿನ ತಲೆಮಾರುಗಳು

ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತ ಮನೆತನಗಳಲ್ಲಿ ಅಪ್ಪನಿಂದ ಮಗನಿಗೆ ಇಳಿದು ಬರುವ ದೊಡ್ಡ ಆಸ್ತಿಯೆಂದರೆ ಗೊಂಬೆಗಳ ಗಂಟು. ಮುತ್ತಜ್ಜ ಕೊರೆದ ರಾವಣ, ಅಜ್ಜ ತೇಪೆ ಹಾಕಿದ ಹನುಮಂತ, ಮೊನ್ನೆ ಬಣ್ಣ ಕಂಡ ಸೀತೆ ಅದರಲ್ಲಿ ಒಂದರ ಮೇಲೊಂದು ಮಲಗಿರುತ್ತವೆ. ಯಾವುದರ ಮೇಲೂ ಮಾಡಿದವರ ಹೆಸರಿರುವುದಿಲ್ಲ.

ಗೊಂಬೆಗೆ ಬೇಕಾದ ತೊಗಲಿನ ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳ್ಳಗಾಗುವ ತನಕ ಹೆರೆಯುತ್ತಾರೆ. ಆಮೇಲೆ ಉಳಿಯಿಂದ ಒಡವೆ, ಸೀರೆಯಂಚುಗಳ ತೂತು ಕೊರೆದು ಎರಡೂ ಬದಿಗೆ ಬಣ್ಣ ಹಚ್ಚುತ್ತಾರೆ. ಹಿಂದೆ ಜಿಂಕೆಯ ತೊಗಲೂ ಬಳಕೆಯಲ್ಲಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆಡಿನ ತೊಗಲೇ ಗತಿ. ಹೀಗಾಗಿ ಗಂಟಿನೊಳಗಿನ ಗೊಂಬೆಯ ವಯಸ್ಸನ್ನು ತೊಗಲೇ ಅಷ್ಟಿಷ್ಟು ಹೇಳಿಬಿಡುತ್ತದೆ. ದಕ್ಷಿಣದ ಕಡೆ ಒಂದಿಡೀ ತೊಗಲಿನಲ್ಲಿ ರಥ, ಕುದುರೆ, ಸಾರಥಿಗಳೆಲ್ಲ ಸೇರಿದ ದೊಡ್ಡಗೊಂಬೆ ಹೆಚ್ಚು; ಉತ್ತರದಲ್ಲಿ ಕೈಕಾಲು ಆಡುವ ಚಿಕ್ಕಗೊಂಬೆ.

ಆಟ ಗಂಡಸರದಷ್ಟೇ ಅಲ್ಲ. ಪರದೆಯ ಹಿಂದೆ ಹೆಂಗಸರು ಹಾಡುತ್ತಾರೆ, ಹೆಣ್ಣುಪಾತ್ರಗಳಿಗೆ ದನಿ ಕೊಡುತ್ತಾರೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಹದಿಹರೆಯದಲ್ಲೇ ಈ ಆಟಕ್ಕಿಳಿದವರು. ಹಲವು ದೇಶಗಳಲ್ಲಿ ರಾಮಾಯಣ, ಮಹಾಭಾರತ ಆಡಿಸಿದರು. 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರಿಗೆ 96 ವರ್ಷ. ಗೌರವ ತಡವಾಯಿತೆನ್ನದೆ ವಿಧಿಯಿಲ್ಲ.

ಮಳೆ ಬರಲೆಂದು ತೊಗಲುಗೊಂಬೆ ಆಡಿಸುವ ರೂಢಿ ನಾಡಿನಲ್ಲಿ ಹಳೆಯದು. ಅದರ ಕಾರಣವನ್ನು ಮಳೆಯನ್ನೇ ನಂಬಿದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಬೆದ್ದಲು ಬೇಸಾಯಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಆಟದಲ್ಲಿದ್ದ ಗೊಂಬೆಗಳು ಪ್ರದರ್ಶನದ ಗೋಡೆ ಕಂಡದ್ದು ಸಂಗ್ರಾಹಕರಿಂದ. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ 1922ರಲ್ಲಿ ಹುಟ್ಟಿದ ಚಿತ್ರಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಊರೂರು ಅಲೆದರು; ಜಯಲಕ್ಷ್ಮೀವಿಲಾಸ ಅರಮನೆಯ ಆ ಸಂಗ್ರಹದಲ್ಲಿ ತೊಗಲುಗೊಂಬೆಗಳೂ ಇವೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಕಲಾವಿದ ಎಂ.ಎಸ್. ನಂಜುಂಡರಾವ್ ಇಂಥದೇ ಸಂಗ್ರಹ ಮಾಡಿದರು. ಸವೆದ ಗೊಂಬೆಯನ್ನು ಹೊಳೆಗೆ ಬಿಡುವ ಪದ್ಧತಿಯಿತ್ತು. ಎಷ್ಟೋ ಹಳೆಯ ಕೈಕೆಲಸ ನೀರುಪಾಲಾಗದೆ ಉಳಿದದ್ದು ಇಂಥವರ ತಿರುಗಾಟದಿಂದಲೇ.

ಆದರೆ ಗೊಂಬೆಗೆ ಗೋಡೆ ಒಗ್ಗುವುದಿಲ್ಲ. ಬೆಳಕು ಹಿಂದಿನಿಂದ ಬೀಳದಿದ್ದರೆ ಬಣ್ಣ ಮಂಕು, ಕೊರೆದ ತೂತೆಲ್ಲ ಬರಿಯ ಕಪ್ಪುಚುಕ್ಕೆ. ಇನ್ನೊಂದು ತೊಡಕು ಜೋಡಣೆಯದು. ರಾವಣರೆಲ್ಲ ಒಂದು ಸಾಲು, ಹನುಮಂತರೆಲ್ಲ ಇನ್ನೊಂದು ಎಂದು ಪಾತ್ರವಾರು ಹಂಚಿದರೆ ಶೈಲಿಗಳ ಹೋಲಿಕೆ ಸುಲಭ, ಮನೆತನ ಮಾತ್ರ ಚೆದುರಿಹೋಗುತ್ತದೆ. ಒಂದೇ ಗಂಟನ್ನು ಒಡೆಯದೆ, ಬೆಳಕಿಗೆದುರಾಗಿ ತೂಗುಹಾಕಿದರೆ ಅಜ್ಜನ ಉಳಿಯ ಹಿಡಿತ ಮೊಮ್ಮಗನ ಕೈಯಲ್ಲಿ ಎಲ್ಲಿ ಮುಂದುವರಿಯಿತು, ಎಲ್ಲಿ ಬೇರೆ ದಾರಿ ಹಿಡಿಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಗಣಪತಿ, ಸರಸ್ವತಿಯರ ಪಕ್ಕದಲ್ಲೇ ಹಾಸ್ಯದ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕರಿಗೂ ಜಾಗ ಕೊಡಬೇಕು; ಅವರಿಬ್ಬರಿಲ್ಲದೆ ಯಾವ ಮನೆತನದ ಗಂಟೂ ಪೂರ್ತಿಯಲ್ಲ.