ಕದ್ದ ಹಣ್ಣು

ಬೆಂಗಳೂರು ದಂಡಿನ ಮಿಲ್ಲರ್ಸ್ ರಸ್ತೆಯಲ್ಲಿರುವ, 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತು ನಾನು ಸಂತ ಅಗಸ್ಟೀನನ ‘ಕನ್ಫೆಷನ್ಸ್’ ಓದಿದೆನು. ಕ್ರೈಸ್ತರು ಧರ್ಮಸಭೆಯ ಪಿತೃಗಳೆಂದು ಗೌರವಿಸುವ ಆದಿ ಆಚಾರ್ಯರಲ್ಲಿ ಇವನೊಬ್ಬನು. ಉತ್ತರ ಆಫ್ರಿಕದಲ್ಲಿ ಕ್ರಿ.ಶ. 354ರಲ್ಲಿ ಜನಿಸಿ, ಹಿಪ್ಪೋ ನಗರದ ಬಿಷಪ್ಪನಾಗಿ 430ರಲ್ಲಿ ತೀರಿಕೊಂಡವನು. ಲ್ಯಾಟಿನ್ ಭಾಷೆಯ ಈ ಗ್ರಂಥದ 13 ಭಾಗಗಳೂ ದೇವರನ್ನೇ ಉದ್ದೇಶಿಸಿ ಆಡಿದ ಮಾತುಗಳು. ವಚನಗಳನ್ನು ಬಲ್ಲ ನಮಗೆ ಆ ರೀತಿ ಅಪರಿಚಿತವಲ್ಲ.

ಹದಿನಾರರ ಹರೆಯದಲ್ಲಿ, ತಮ್ಮ ದ್ರಾಕ್ಷಿತೋಟದ ಬಳಿಯಿದ್ದ ಮರದ ಬೇರಿಕಾಯಿಗಳನ್ನು ಗೆಳೆಯರೊಡನೆ ಕದ್ದು ಹಂದಿಗಳಿಗೆ ಎಸೆದುದನ್ನು ಅವನು ನೆನೆಯುತ್ತಾನೆ. ಹಸಿವಿರಲಿಲ್ಲ; ಅದಕ್ಕಿಂತ ಒಳ್ಳೆಯ ಹಣ್ಣು ತನ್ನಲ್ಲೇ ಇತ್ತು. ಮತ್ತೇಕೆ ಕದ್ದೆನೆಂದು ಪುಟಗಟ್ಟಲೆ ತನ್ನನ್ನು ಕೆದಕುತ್ತಾನೆ. ಇಷ್ಟು ಸಣ್ಣ ಕಳವಿಗೆ ಇಷ್ಟೊಂದು ಪುಟಗಳೇ ಎಂದು ನಾನು ಮೊದಲು ನಕ್ಕೆನು.

ಅನಂತರ ನಗು ನಿಂತಿತು. ಹಲಸೂರಿನ ನನ್ನ ಬಾಲ್ಯದಲ್ಲಿ, ನೆರೆಮನೆಯ ಸೀಬೆಕಾಯಿಗಳನ್ನು ಕಿತ್ತವನು ನಾನು. ಅದಕ್ಕಾಗಿ ಏಟು ತಿಂದವನು ಮಾಲಿಯ ಮಗ. ಗೋಡೆಯ ಮರೆಯಲ್ಲಿ ನಿಂತು ನೋಡಿದೆನೇ ಹೊರತು ಬಾಯಿ ಬಿಡಲಿಲ್ಲ. ಅಗಸ್ಟೀನನ ಕಥೆಯಲ್ಲಿ ಅಂಥ ಹುಡುಗನಿಲ್ಲ.

ಕಳೆದ ತಿಂಗಳು ಆ ಬೀದಿಗೆ ಹೋಗಿದ್ದೆನು. ಮರವಿದ್ದೆಡೆ ಈಗ ಅಂಗಡಿಗಳಿವೆ. ಮಾಲಿಯ ಮಗನನ್ನು ಬಲ್ಲವರು ಯಾರೂ ಸಿಗಲಿಲ್ಲ.