ಬೆವರು ಕಾಣದ ಬಿಸಿಲು

ನಮ್ಮ ಕಲಬುರಗಿಗೆ ಎರಡೇ ಕಾಲ ಎಂದು ಊರವರೇ ನಗೆಯಾಡುತ್ತಾರೆ. ಒಂದು ಬೇಸಿಗೆ, ಇನ್ನೊಂದು ಭಾರಿ ಬೇಸಿಗೆ. ಏಪ್ರಿಲ್, ಮೇ ತಿಂಗಳು ಬಂದರೆ 42 ಡಿಗ್ರಿ ಎಂಬುದು ನಮಗೆ ಸುದ್ದಿಯೇ ಅಲ್ಲ. ಆ ಎರಡು ತಿಂಗಳು ಇಲ್ಲಿನ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬ್ಯಾಂಕಿನವರಾದ ನಮಗೆ ಆ ಭಾಗ್ಯ ಇರಲಿಲ್ಲ. ನೋಟು ಎಣಿಸಲು ಬೆರಳು ಅದ್ದಿಕೊಳ್ಳುವ ಸ್ಪಂಜಿನ ಬಟ್ಟಲಿಗೆ ಊಟದ ಹೊತ್ತಿನೊಳಗೆ ಮೂರು ಸಲ ನೀರು ಹನಿಸಬೇಕಿತ್ತು. ಮೊಹರಿನ ಪ್ಯಾಡ್ ಒಣಗಿ, ತಾರೀಕು ಅರ್ಧ ಮೂಡಿ ಅರ್ಧ ಮೂಡುತ್ತಿರಲಿಲ್ಲ.

ಆ ನೀರೆಲ್ಲ ಎಲ್ಲಿ ಹೋಗುತ್ತಿತ್ತು ಎಂಬುದೇ ನಮ್ಮೂರ ಬೇಸಿಗೆಯ ಗುಟ್ಟು. ಹೋದ ವರ್ಷ ಮಂಗಳೂರಿನಿಂದ ರಜೆಗೆ ಬಂದ ಮೊಮ್ಮಕ್ಕಳು ಮೊದಲ ದಿನವೇ ಅದರ ಬಾಲ ಹಿಡಿದರು.

“ಅಜ್ಜ, ನಮ್ಮಲ್ಲಿ 34 ಡಿಗ್ರಿಗೇ ಅಂಗಿ ಚಂಡಿಯಾಗ್ತದೆ. ಇಲ್ಲಿ ಇಷ್ಟು ಬಿಸಿಲಿದ್ರೂ ಬೆವರೇ ಬರುವುದಿಲ್ಲ ಅಲ್ವಾ?” ಎಂದಳು ಹತ್ತು ವರ್ಷದ ಮೊಮ್ಮಗಳು.

ಬೆವರು ಬರುತ್ತದೆ, ಕಾಣುವುದಿಲ್ಲ ಅಷ್ಟೇ. ಕಡಲ ತೀರದ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಬೇಗ ಆರದೆ ಮೈಮೇಲೇ ಇಳಿಯುತ್ತದೆ. ನಮ್ಮದು ಒಣಗಾಳಿ. ಹನಿಯಾಗುವ ಮೊದಲೇ ಹೀರಿಬಿಡುತ್ತದೆ. ನೀರು ಆರುವಾಗ ತಾನಿದ್ದ ಜಾಗದ ಶಾಖವನ್ನೂ ಜೊತೆಗೆ ಒಯ್ಯುತ್ತದೆ. ಮಣ್ಣಿನ ಕೊಡದ ನೀರು ತಣ್ಣಗಿರುವುದು ಇದರಿಂದಲೇ. ಕೊಡದ ಸಣ್ಣ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆರುತ್ತಾ ಒಳಗಿನದನ್ನು ತಂಪು ಮಾಡುತ್ತದೆ. ಹುಲ್ಲಿನ ಪ್ಯಾಡಿನ ಕೂಲರ್ ಮಾಡುವುದೂ ಅದೇ ಕೆಲಸ. ಕೂಲರ್ ಓಡುವಾಗ ಕಿಟಕಿಯನ್ನು ಸ್ವಲ್ಪ ತೆರೆದಿಡಬೇಕು. ಇಲ್ಲವಾದರೆ ತೇವ ಒಳಗೇ ಉಳಿದು ಕೋಣೆಯೇ ಮಂಗಳೂರಾಗುತ್ತದೆ!

ಮೊಮ್ಮಗ ಸುಲಭಕ್ಕೆ ನಂಬುವವನಲ್ಲ. ಎರಡು ಬಾಟಲಿ ತುಂಬಿಸಿ, ಒಂದಕ್ಕೆ ಒದ್ದೆ ಬಟ್ಟೆ ಸುತ್ತಿ, ಎರಡನ್ನೂ ನೆರಳಿನಲ್ಲಿ ಗಾಳಿ ಬರುವ ಕಡೆ ಇಟ್ಟ. ಒಂದು ಗಂಟೆ ಬಿಟ್ಟು ಕುಡಿದು ನೋಡಿ, ಬಟ್ಟೆ ಸುತ್ತಿದ್ದನ್ನು ಅಕ್ಕನಿಗೆ ಕೊಡದೆ ತಾನೇ ಮುಗಿಸಿದ. ನೀವೂ ಮಾಡಿ ನೋಡಿ ಮಕ್ಕಳೇ, ಬಟ್ಟೆ ಒಣಗದಂತೆ ಆಗಾಗ ನೀರು ಹನಿಸುತ್ತಿರಬೇಕು.

ನಮ್ಮದು ಹಳೆಯ ಮನೆ. ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನೆಲಕ್ಕೆ ಹತ್ತಿರದ ಶಹಾಬಾದ್‌ನಿಂದ ಬಂದ ಪರಸಿ ಕಲ್ಲು. ಬೇಸಿಗೆಯಲ್ಲಿ ಮನೆಯ ಕೆಲಸವೆಲ್ಲ ಸೂರ್ಯನ ಎರಡು ತುದಿಗೆ ಸರಿಯುತ್ತದೆ. ಬೆಳಗಿನ ಜಾವಕ್ಕೇ ಹೆಂಗಸರು ಮಾಳಿಗೆ ಹತ್ತಿ ಸಂಡಿಗೆ, ಹಪ್ಪಳ ಒಣಹಾಕಿ ಇಳಿಯುತ್ತಾರೆ. ಹತ್ತು ಗಂಟೆಗೆ ಕಿಟಕಿಗಳಿಗೆ ಪರದೆ. ಮಧ್ಯಾಹ್ನ ರೊಟ್ಟಿ, ಮಜ್ಜಿಗೆ, ಆಮೇಲೆ ಒರೆಸಿದ ಪರಸಿಯ ಮೇಲೆ ಸಾಲಾಗಿ ಮಲಗುವುದು. ಸಂಜೆ ಮಾಳಿಗೆಗೆ ನೀರು ಚಿಮುಕಿಸಿ, ರಾತ್ರಿ ಅಲ್ಲೇ ಹಾಸಿಗೆ. ಒಂಬತ್ತರ ಮೇಲೆ ಆಗ್ನೇಯದಲ್ಲಿ ವೃಶ್ಚಿಕ ರಾಶಿ ಕೊಂಡಿ ಎತ್ತಿಕೊಂಡು ಏಳುವುದನ್ನು ನಗರದ ಮಕ್ಕಳು ಒಮ್ಮೆಯಾದರೂ ಹಾಗೆ ಮಲಗಿ ನೋಡಬೇಕು. ಎ.ಸಿ. ಕೋಣೆಯ ಸೂರಿನಲ್ಲಿ ಅದು ಸಿಗದು.

ಮೂರನೆಯ ಮಧ್ಯಾಹ್ನ ಮೊಮ್ಮಗಳು ಊಟ ಬೇಡವೆಂದು ಗೋಡೆಗೆ ಒರಗಿ ಕೂತಳು. ತಲೆನೋವು, ಕಣ್ಣು ಮಂಕು. ಜ್ವರವಿರಲಿಲ್ಲ. ಪ್ರಯಾಣದ ದಣಿವೆಂದು ಮಗಳು ಹೇಳಿದಳು. ನನ್ನಾಕೆ ಹಣೆ ಮುಟ್ಟಿ, ನಾಲಿಗೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ:

“ಮುಂಜಾನಿಂದ ಒಂದಕ್ಕ ಹೋಗೀಯೇನವ್ವಾ?”

ಇಲ್ಲ ಎಂದು ಹುಡುಗಿ ತಲೆಯಾಡಿಸಿದಳು. ಬೆಳಿಗ್ಗೆಯಿಂದ ತಮ್ಮನ ಜೊತೆ ಅಂಗಳದಲ್ಲಿ ಆಡಿದ್ದಳು. ಮೈ ಒದ್ದೆಯಾಗದ್ದರಿಂದ ನೀರಿನ ನೆನಪೇ ಆಗಿರಲಿಲ್ಲ.

ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಸಣ್ಣ ಚಮಚದಲ್ಲಿ ಸಮನಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅದನ್ನು ಗಟಗಟ ಕುಡಿಸದೆ ಗುಟುಕು ಗುಟುಕಾಗಿ ಕೊಟ್ಟಳು. ಕತ್ತು, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಬೀಸಣಿಗೆ ಹಾಕಿದಳು. ಮೈ ಕಾದು ಮಾತು ತಡವರಿಸಿದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡಬೇಕೆಂದು ನಾನು ಆಟೋದವನಿಗೆ ಹೇಳಿಟ್ಟಿದ್ದೆ. ಆ ಒಂದೂವರೆ ಗಂಟೆ ಮನೆಯಲ್ಲಿ ಕೂಲರಿನ ಸದ್ದು ಬಿಟ್ಟರೆ ಇನ್ನೊಂದು ಸದ್ದಿರಲಿಲ್ಲ. ನಾಲ್ಕರ ಸುಮಾರಿಗೆ ಅವಳೇ ಎದ್ದು ಬಚ್ಚಲಿಗೆ ಹೋದಾಗ ನನ್ನಾಕೆ ಜೋಳಿಗೆ ತುಂಬ ಹೊನ್ನು ಸಿಕ್ಕವಳಂತೆ ನಕ್ಕಳು.

ಮರುದಿನ ನಾನು ಹಳೆಯ ಖಾತೆ ಪುಸ್ತಕವೊಂದನ್ನು ತೆಗೆದು, ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಪುಟ ಹಾಕಿಕೊಟ್ಟೆ. ಕುಡಿದ ಪ್ರತಿ ಲೋಟ ಜಮಾ. ಲೆಕ್ಕ ಬರೆಯುವುದು ಮೊಮ್ಮಗಳ ಕೆಲಸ. ಸಂಜೆ ಅವಳು ಕೂಡಿಸಿದಾಗ ತಮ್ಮನದು ಹನ್ನೊಂದು ಲೋಟ, ಅಮ್ಮನದು ಒಂಬತ್ತು, ನನ್ನದು ಎಂಟು.

“ಅಜ್ಜಿಯದು ನಾಲ್ಕೇ!”

“ನನಗ ನೀರಡಿಕೀನೇ ಆಗಲ್ಲ ಬಿಡವ್ವಾ” ಎಂದು ನನ್ನಾಕೆ ಒಲೆಯ ಕಡೆ ತಿರುಗಿದಳು. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕಡಿಮೆಯಾಗುತ್ತದೆ. ಮೈಗೆ ಬೇಕಾದ ನೀರೇನೂ ಹಾಗೆ ಕಡಿಮೆಯಾಗುವುದಿಲ್ಲ. ಇದನ್ನು ನಾನು ವಿವರಿಸುವಷ್ಟರಲ್ಲಿ ಹುಡುಗಿ ಕೊಡದಿಂದ ಲೋಟ ತುಂಬಿಸಿ ತಂದು ಅಜ್ಜಿಯ ಎದುರು ನಿಂತಾಗಿತ್ತು, ಇನ್ನೊಂದು ಕೈಯಲ್ಲಿ ಪೆನ್ಸಿಲ್ ಹಿಡಿದುಕೊಂಡು.